ಹೂವಿನ ಚಿತ್ರ

ಡೊಂಬಿವಲಿ ಪೂರ್ವ
9 ಜೂನ್ 2025

ನಳಿನಾಕ್ಷಿಗೆ,

ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆಯಾಗಿ ಬರೆಯುತ್ತಿದ್ದೇನೆ.

ಮಂಡಳಿಯ ಸೂಚನೆಗಳೆಲ್ಲ ಈಗ ಇಮೇಲ್‌ನಲ್ಲಿ ಹೋಗುತ್ತವೆ ಎಂದು ನಿನಗೆ ಗೊತ್ತಿದೆ. ಅಂಚೆಗೆ ಹಾಕಿದ ಕಾಗದ ಸಭೆ ಮುಗಿದ ಮೇಲೆ ತಲುಪುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ಭಜನೆಗಿಂತ ಜೋಕು ಹೆಚ್ಚಾಗಿ ನಾನೇ ಅದನ್ನು ಮುಚ್ಚಿಸಿದೆ. ಇಮೇಲ್ ಆಗಬಹುದು ಎಂದು ಮಾರ್ಚ್ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನೀನು. ಈಗ ಮೇ ತಿಂಗಳ ಸಭೆಗೂ ಬರಲಿಲ್ಲ, ಜೂನ್ ಸಭೆಗೂ ಬರಲಿಲ್ಲ. ಬರುವುದಿಲ್ಲ ಎಂದು ಒಂದು ಸಾಲು ಬರೆಯಲೂ ಇಲ್ಲ.

ನಾನು ಸೂಚನೆಯನ್ನು ಟೈಪು ಮಾಡಿಸುವುದಿಲ್ಲ. ಪ್ರತಿಯೊಂದನ್ನೂ ಗುಲಾಬಿ ಕಾಗದದಲ್ಲಿ ನನ್ನ ಕೈಯಿಂದ ಬರೆದು, ಅಂಚಿಗೆ ಬಳ್ಳಿ ಬಿಡಿಸಿ ಕೊಡುತ್ತೇನೆ. ಸೊಸೆ ರಮಿತಾ ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಾಳೆ. ಊರಿನಲ್ಲಾದರೆ ಮನೆಬಾಗಿಲಿಗೆ ಹೋಗಿ, ಬನ್ನಿ ಎಂದು ಬಾಯಾರೆ ಕರೆದು ಹೇಳಿಕೆ ಕೊಡುತ್ತಿದ್ದೆವು. ಹೇಳಿಕೆ ಇಲ್ಲದ ಮನೆಗೆ ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ. ಇಲ್ಲಿ ಡೊಂಬಿವಲಿಯಿಂದ ವಾಶಿಯ ತನಕ ಒಬ್ಬೊಬ್ಬರ ಬಾಗಿಲಿಗೆ ಹೋಗಿ ಹೇಳುವುದು ಆಗದ ಮಾತು. ಬಾಯಿಯಿಂದ ಆಗದಿದ್ದರೆ ಕೈಯಿಂದಾದರೂ ಹೇಳಬೇಕು ಎಂದು ಬರೆಯುತ್ತೇನೆ. ಈ ಪತ್ರವೂ ಹಾಗೆಯೇ ಬರುತ್ತಿದೆ.

ಇನ್ನೊಂದು ಮಾತು. ಫೆಬ್ರವರಿಯಲ್ಲಿ ಕಲ್ಯಾಣದ ಮದುವೆ ಹಾಲ್‌ನಲ್ಲಿ ನಾನು ನಿನ್ನ ಎದುರಿಗೇ ನಿಂತು ನಕ್ಕೆ. ನೀನು ನನ್ನನ್ನು ದಾಟಿಕೊಂಡು, ನಮ್ಮ ಮಂಡಳಿಯ ಜಯಲತಾ ಕರೆದಳೆಂದು ಆ ಕಡೆ ಹೋದೆ. ನಾಲ್ಕು ಜನ ನೋಡಿದರು. ಗಂಡನ ತಂಗಿ ಎಂದು ನಾನು ಸುಮ್ಮನಿದ್ದೆ. ಅಂದಿನಿಂದ ನಿನ್ನ ಫೋನು ಎತ್ತುತ್ತಿಲ್ಲ, ಇನ್ನು ಮುಂದೆಯೂ ಎತ್ತುವುದಿಲ್ಲ. ಹೇಳುವುದಿದ್ದರೆ ಬರೆದು ಹೇಳು.

ಸತತ ಮೂರು ಸಭೆಗೆ ಉತ್ತರವಿಲ್ಲದೆ ತಪ್ಪಿಸಿಕೊಂಡವರ ಹೆಸರನ್ನು ತೆಗೆಯಬೇಕೆಂದು ನಮ್ಮ ನಿಯಮ. ಅದನ್ನು ಮಾಡುವಾಗ ನೀನೂ ಇದ್ದೆ. ಎರಡು ಆಗಿದೆ. ಜುಲೈ 6ರ ಸಭೆ ವಾಶಿಯಲ್ಲಿ, ಜಯಲತಾಳ ಮನೆಯಲ್ಲಿ.

ಜಲಜಾಕ್ಷಿ
ಅಧ್ಯಕ್ಷೆ


ಘೋಡಬಂದರ್ ರಸ್ತೆ, ಠಾಣೆ
11 ಜೂನ್ 2025

ಅತ್ತಿಗೆ,

ನಿಮ್ಮ ಹೆಸರಿನಿಂದ ಮೇಲ್ ಬಂತು. ಒಳಗೆ ಒಂದು ಚಿತ್ರ ಬಿಟ್ಟರೆ ಬೇರೆ ಎಂತದ್ದೂ ಇಲ್ಲ. ಹಿಂದಿನ ತಿಂಗಳು ಬಂದದ್ದೂ ಅಷ್ಟೇ. ಬೆಳಿಗ್ಗೆ ಎದ್ದು ಹೂವಿನ ಚಿತ್ರ ಕಳಿಸುವ ಅಭ್ಯಾಸ ನಿಮಗೆ ಯಾವಾಗ ಶುರುವಾಯಿತು?

ಸಭೆ ಯಾರ ಮನೆಯಲ್ಲಿ, ಯಾವ ದಿನ ಎಂದು ನನಗೆ ಯಾರೂ ಹೇಳುವುದಿಲ್ಲ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ನನ್ನನ್ನು ಕರೆಯಲು ಮನಸ್ಸಿಲ್ಲದಿದ್ದರೆ ಹಾಗೆಂದು ಹೇಳಿಬಿಡಿ. ಹೂವು ಬೇಡ.

ನಳಿನಾಕ್ಷಿ


ಡೊಂಬಿವಲಿ ಪೂರ್ವ
15 ಜೂನ್ 2025

ನಳಿನಾಕ್ಷಿಗೆ,

ಹೂವಿನ ಚಿತ್ರವಂತೆ.

ನನ್ನ ಅಕ್ಷರವನ್ನು ಹೂವಿನ ಚಿತ್ರ ಎಂದವರು ಈವರೆಗೆ ಯಾರೂ ಇರಲಿಲ್ಲ. ಹೈಸ್ಕೂಲಿನಲ್ಲಿ ಕೈಬರಹಕ್ಕೆ ಸಿಕ್ಕಿದ ಬಹುಮಾನವನ್ನು ನನ್ನ ಅಪ್ಪ ಸಾಯುವ ತನಕ ಗೋಡೆಯಿಂದ ಇಳಿಸಲಿಲ್ಲ. ಕಲ್ಯಾಣದ ನಮ್ಮ ಹೋಟೆಲಿನ ತಿಂಡಿ ಬೋರ್ಡನ್ನು ದಿನಾ ಬೆಳಿಗ್ಗೆ ನಾನೇ ಬರೆಯುತ್ತಿದ್ದೆ. ಕನ್ನಡ ಬಾರದ ಗಿರಾಕಿಗಳೂ ನಿಂತು ನೋಡಿ ಹೋಗುತ್ತಿದ್ದರು ಎಂದು ನಿನ್ನ ಅಣ್ಣ ಎಲ್ಲರಿಗೂ ಹೇಳುತ್ತಿದ್ದರು. ನೀನು ಊರಿನಿಂದ ಬಂದು ಹೋಟೆಲಿನ ಮೇಲಿನ ನಮ್ಮ ಕೋಣೆಯಲ್ಲಿ ಇದ್ದಾಗ, ಯಾರಿಗೂ ಕೇಳಿಸದಂತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹಾಡುತ್ತಿದ್ದೆ. ಆ ಬಾಗಿಲನ್ನು ತೆಗೆದವಳು ನಾನು. ನಿನ್ನ ಮೊದಲ ಹಾಡನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಗಣಪತಿಯ ಮುಂದೆ ಕೂರಿಸಿ ಹಾಡಿಸಿದವಳೂ ನಾನೇ. ಆಗ ನನ್ನ ಅಕ್ಷರ ನಿನಗೆ ಹೂವಾಗಿ ಕಾಣಲಿಲ್ಲ.

ಸಭೆಯ ದಿನ, ಮನೆಯ ವಿಳಾಸ, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು ಎನ್ನುವುದೆಲ್ಲ ನಾನು ಬರೆದದ್ದರಲ್ಲಿ ಇದೆ. ಉಳಿದವರೆಲ್ಲ ಓದಿ ಬಂದರು. ನಿನಗೊಬ್ಬಳಿಗೆ ಓದಲಾಗಲಿಲ್ಲವೇ? ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸಿಗೆ ಹೋದ ಮೇಲೆ ನಾವು ಕಣ್ಣಿಗೆ ಬೀಳುತ್ತಿಲ್ಲ ಎಂದು ಜಯಲತಾ ಹೇಳಿದಾಗ ನಾನು ಅವಳನ್ನು ಗದರಿದ್ದೆ. ಗದರಬಾರದಿತ್ತು.

ಹಾರ್ಮೋನಿಯಂ ಪಕ್ಕದ ನಿನ್ನ ಜಾಗದಲ್ಲಿ ಎರಡು ತಿಂಗಳಿಂದ ಅವಳು ಕೂರುತ್ತಿದ್ದಾಳೆ. ಮೊದಲ ಹಾಡು ಅವಳೇ ಎತ್ತುತ್ತಾಳೆ. ತರಕಾರಿ ತೂಗಿ ಕೊಟ್ಟ ಹಾಗೆ ಹಾಡುತ್ತಾಳೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಜನ ತಲೆದೂಗುತ್ತಾರೆ. ನನಗೆ ಮನೆಗೆ ಬಂದ ಮೇಲೆ ಭಜನೆಗೆ ಹೋಗಿ ಬಂದೆ ಅನ್ನಿಸುವುದಿಲ್ಲ. ಇದನ್ನು ನಿನ್ನ ಹೊಗಳಿಕೆ ಎಂದು ತಿಳಿಯಬೇಡ. ಜುಲೈ 6ಕ್ಕೆ ಬಾ, ಅಥವಾ ಬರುವುದಿಲ್ಲ ಎಂದು ಬರೆ. ಎರಡೂ ಮಾಡದಿದ್ದರೆ ನಿಯಮ ಇದೆ.

ಈ ಸಲ ಇನ್ನೂ ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ.

ಜಲಜಾಕ್ಷಿ
ಅಧ್ಯಕ್ಷೆ


ಠಾಣೆ
18 ಜೂನ್ 2025

ಅತ್ತಿಗೆ,

ಇನ್ನೊಂದು ಚಿತ್ರ ಬಂತು. ಸಾಕು. ನಾನು ಕೇಳಿದ್ದಕ್ಕೆ ಉತ್ತರ ಇಲ್ಲ, ಚಿತ್ರ ಉಂಟು. ನೀವು ಎಂತ ಹೇಳುತ್ತಿದ್ದೀರಿ ಎಂದು ಅರ್ಥ ಮಾಡಿಕೊಂಡಿದ್ದೇನೆ.

ಇನ್ನು ಕಳಿಸಬೇಡಿ.

ನಳಿನಾಕ್ಷಿ


ಡೊಂಬಿವಲಿ ಪೂರ್ವ
5 ಆಗಸ್ಟ್ 2025

ಶ್ರೀಮತಿ ನಳಿನಾಕ್ಷಿಯವರಿಗೆ,

ತಾವು ಮೇ, ಜೂನ್, ಜುಲೈ ತಿಂಗಳ ಸಭೆಗಳಿಗೆ ಉತ್ತರವಿಲ್ಲದೆ ಗೈರುಹಾಜರಾಗಿದ್ದೀರಿ. ಆಗಸ್ಟ್ ಸಭೆಗೂ ಬರಲಿಲ್ಲ. ನಿಯಮದ ಪ್ರಕಾರ ಸೆಪ್ಟೆಂಬರ್ 14ರ ಭಾನುವಾರ ಕಲ್ಯಾಣದಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ತಮ್ಮ ಹೆಸರನ್ನು ಮಂಡಳಿಯಿಂದ ತೆಗೆಯಲಾಗುವುದು. ನವರಾತ್ರಿಯಿಂದ ಮೊದಲ ಹಾಡು ಜಯಲತಾ ಅವರದು. ಹೇಳುವುದೇನಾದರೂ ಇದ್ದರೆ ಅದಕ್ಕಿಂತ ಮೊದಲು ಬರವಣಿಗೆಯಲ್ಲಿ ತಿಳಿಸಬಹುದು.

ಜಲಜಾಕ್ಷಿ
ಅಧ್ಯಕ್ಷೆ


ಠಾಣೆ
17 ಆಗಸ್ಟ್ 2025

ಅತ್ತಿಗೆ,

ನಿನ್ನೆ ಜಯಲತಾ ಫೋನು ಮಾಡಿದ್ದಳು. ಬಹಳ ಬೇಸರದ ಧ್ವನಿ ಮಾಡಿಕೊಂಡು, ನನ್ನ ಜಾಗದಲ್ಲಿ ಕೂರಲು ತನಗೆ ಮನಸ್ಸೇ ಇಲ್ಲ, ಅಧ್ಯಕ್ಷರ ಮಾತು ಮೀರಲಾಗದೆ ಕೂರುತ್ತಿದ್ದೇನೆ ಎಂದಳು. ನಾನು ಎಂತದ್ದು ಎಂದು ಕೇಳಿದೆ. ನೀವು ನನಗೆ ನೋಟಿಸ್ ಕಳಿಸಿ ಹನ್ನೆರಡು ದಿನ ಆಯಿತಂತೆ, ಅದರ ಪ್ರತಿ ಎಲ್ಲರಿಗೂ ಬಂದಿದೆಯಂತೆ. ನಿಮ್ಮ ಅಕ್ಷರ ಎಷ್ಟು ಚಂದ, ಓದುವಾಗ ಕಣ್ಣು ತುಂಬಿತು ಎಂದಳು.

ಆಗ ಗೊತ್ತಾಯಿತು. ಅದು ಹೂವಿನ ಚಿತ್ರ ಅಲ್ಲ, ನಿಮ್ಮ ಅಕ್ಷರದ ಚಿತ್ರ.

ನನಗೆ ಕಣ್ಣು ಕಾಣುವುದಿಲ್ಲ ಅತ್ತಿಗೆ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಯನ್ನು ತಿಂದಿದೆ. ಬೆಳಕು ಗೊತ್ತಾಗುತ್ತದೆ, ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ. ಮುಖ ಗೊತ್ತಾಗುವುದಿಲ್ಲ. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಜನವರಿಯಲ್ಲೇ ಹೇಳಿದ್ದಾರೆ. ನನ್ನ ಫೋನು ಬಂದ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಆದರೆ ಅದು ಟೈಪು ಮಾಡಿದ್ದನ್ನು ಮಾತ್ರ ಓದುತ್ತದೆ. ಕೈಬರಹದ ಫೋಟೋ ಬಂದರೆ ಇಮೇಜ್ ಎಂದು ಹೇಳಿ ಸುಮ್ಮನಾಗುತ್ತದೆ, ಎಲ್ಲರೂ ಬೆಳಿಗ್ಗೆ ಕಳಿಸುವ ಹೂವು ಎಂದು ನಾನು ತಿಳಿದುಕೊಂಡೆ. ಮಾರ್ಚಿನಲ್ಲಿ ಇಮೇಲ್ ಎಂದಾಗ ನಾನು ಮೊದಲು ಕೈ ಎತ್ತಿದ್ದು ಏಕೆಂದರೆ, ಇನ್ನು ಯಾರನ್ನೂ ಕೇಳದೆ ನಾನೇ ಓದಿಕೊಳ್ಳಬಹುದು ಎಂದು. ನೀವು ಅದರಲ್ಲಿಯೂ ಗುಲಾಬಿ ಕಾಗದ ಹಾಕಿದಿರಿ.

ಮನೆಯವರಿಂದ ಓದಿಸಬಾರದೇ ಎಂದು ಕೇಳುತ್ತೀರಿ, ಗೊತ್ತುಂಟು. ಓದುವವರು ಯಾರು? ಮಗ ಸಮಿತ್ ಕನ್ನಡ ಮಾತಾಡುತ್ತಾನೆ, ಅಕ್ಷರ ಬರುವುದಿಲ್ಲ. ಸೊಸೆ ಮರಾಠಿಯವಳು. ಮೊಮ್ಮಗಳು ದಿಶಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಈ ಮನೆಯಲ್ಲಿ ಕನ್ನಡ ಓದುತ್ತಿದ್ದದ್ದು ನಾನೊಬ್ಬಳೇ. ಈಗ ಫೋನು ಒಂದೇ. ನಿನ್ನೆ ದಿಶಾಳಿಗೆ ತೋರಿಸಿದೆ. ಬಹುತ್ ಸುಂದರ್ ಹೈ ಅಜ್ಜಿ, ಎಂದಳು. ಎಂತ ಬರೆದಿದೆ ಎಂದರೆ ಅವಳಿಗೆ ಗೊತ್ತಿಲ್ಲ.

ನಿಮಗೆ ಹೇಳದೆ ಇದ್ದದ್ದು ಏಕೆಂದು ಕೇಳಿ. ಮುಂದಿನ ಸಾಲಿನಲ್ಲಿ ಹಾಡುತ್ತಿದ್ದ ಕಾಂಚನಕ್ಕನಿಗೆ ಕಿವಿ ಮಂದವಾದಾಗ ನೀವು ಏನು ಮಾಡಿದಿರಿ? ಶಾಲು ಹೊದಿಸಿ, ತಟ್ಟೆಯಲ್ಲಿ ಹಣ್ಣು ಕೊಟ್ಟು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹಿಂದಿನ ಸಾಲಿಗೆ ಕಳಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕಾಂಚನಕ್ಕ ಭಜನೆಗೆ ಬಂದದ್ದು ನಾನು ನೋಡಲಿಲ್ಲ. ನನಗೆ ಆ ಶಾಲು ಬೇಡ. ಹಾಡಲು ಕಣ್ಣು ಬೇಡ. ಹಾಡುಗಳೆಲ್ಲ ನನಗೆ ಬಾಯಿಪಾಠ ಉಂಟು. ನನ್ನ ಜಾಗ ನನಗೆ ಬೇಕು.

ಇದನ್ನು ಯಾರಿಗೂ ಹೇಳಬೇಡಿ. ಸಮಿತನಿಂದಲೂ ಆಣೆ ಹಾಕಿಸಿಕೊಂಡಿದ್ದೇನೆ. ಅಯ್ಯೋ ಪಾಪ ಎನ್ನುವವರ ನಡುವೆ ಕುಳಿತು ನನಗೆ ಹಾಡಲಾಗುವುದಿಲ್ಲ.

ನಳಿನಾಕ್ಷಿ


ಡೊಂಬಿವಲಿ
19 ಆಗಸ್ಟ್ 2025

ನಳಿನಾ,

ಇದನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಬೆಳಿಗ್ಗೆಯಿಂದ ಕೂತಿದ್ದೇನೆ. ರಮಿತಾ ಮಾಡಿಕೊಡುತ್ತೇನೆ ಎಂದಳು, ಬೇಡ ಎಂದೆ. ನಿನ್ನ ಫೋನು ಇದನ್ನು ಓದಿತೇ ಇಲ್ಲವೇ ಅಷ್ಟು ಬರೆ. ಉಳಿದ ಜಗಳ ಆಮೇಲೆ.

ಜಲಜಾಕ್ಷಿ


ಠಾಣೆ
19 ಆಗಸ್ಟ್ 2025

ಅತ್ತಿಗೆ,

ಓದಿತು. ಅದರ ಧ್ವನಿ ನಿಮ್ಮಷ್ಟು ಜೋರಿಲ್ಲ.

ಚಿತ್ರವಾಗಿ ಬಂದ ಮೂರು ಪತ್ರಗಳಲ್ಲಿ ಎಂತ ಇತ್ತು? ಇದ್ದ ಹಾಗೆಯೇ ಬೇಕು. ಈಗ ನನ್ನ ಕಣ್ಣು ಹೋಗಿದೆ ಎಂದು ಬೈಗುಳ ತೆಗೆದು ಕಳಿಸಬೇಡಿ.

ನಳಿನಾಕ್ಷಿ


ಡೊಂಬಿವಲಿ
25 ಆಗಸ್ಟ್ 2025

ನಳಿನಾ,

ಮೂರನ್ನೂ ಟೈಪು ಮಾಡಿ ಈ ಪತ್ರದ ಕೆಳಗೆ ಹಾಕಿದ್ದೇನೆ. ಒಂದು ಮಾತೂ ತೆಗೆದಿಲ್ಲ. ಆ ದಿನ ನನಗೆ ಕೋಪ ಇತ್ತು, ಬರೆದೆ. ಈಗಲೂ ಇದೆ, ಕಾರಣ ಬೇರೆ. ಜನವರಿಯಲ್ಲಿ ಡಾಕ್ಟರು ಹೇಳಿದ್ದನ್ನು ನೀನು ಆಗಸ್ಟಿನ ತನಕ ನನ್ನಿಂದ ಮುಚ್ಚಿಟ್ಟೆ. ನಿನ್ನ ಅಣ್ಣ ಇದ್ದಿದ್ದರೆ ಮುಚ್ಚಿಡುತ್ತಿದ್ದೆಯಾ? ನಾನು ನಿನಗೆ ಮಂಡಳಿಯ ಅಧ್ಯಕ್ಷೆ ಮಾತ್ರವೇ? ಒಂದೇ ಒಲೆಯಲ್ಲಿ ಅಷ್ಟು ವರ್ಷ ಅಡುಗೆ ಮಾಡಿದ ಮೇಲೆ, ಶಾಲು ಹೊದಿಸುವ ಹೆಂಗಸು ಎಂದಷ್ಟೇ ನನ್ನನ್ನು ನೆನಪಿಟ್ಟುಕೊಂಡೆಯಲ್ಲ.

ನಿನಗೆ ಪಾಪ ಎನ್ನುವುದಿಲ್ಲ. ಬಾಯಿಗೆ ಬಂದರೂ ಅನ್ನುವುದಿಲ್ಲ.

ರಮಿತಾಳ ಹತ್ತಿರ ಹೇಳಿ ನನ್ನ ಫೋನೂ ಪತ್ರಗಳನ್ನು ಓದುವ ಹಾಗೆ ಮಾಡಿಸಿದೆ. ಏಕೆ ಎಂದು ಕೇಳಿದಳು. ನನಗೆ ಬೇಕು ಎಂದೆ. ಅವಳು ಆಫೀಸಿಗೆ ಹೋದ ಮೇಲೆ ಕಣ್ಣು ಮುಚ್ಚಿ ಕೂತು, ಮಂಡಳಿಯವರು ಕಳಿಸಿದ್ದನ್ನೆಲ್ಲ ಕೇಳಿದೆ. ಮೊದಲು ನಾನೇ ಬರೆದದ್ದು ಬಂತು. ಅಷ್ಟು ದೊಡ್ಡ ಪತ್ರವನ್ನು ಅದು ಇಮೇಜ್ ಎಂಬ ಒಂದೇ ಮಾತಿನಲ್ಲಿ ಮುಗಿಸಿತು. ನಾನು ಸ್ವಲ್ಪ ಹೊತ್ತು ಕಾದೆ, ಇನ್ನೇನಾದರೂ ಹೇಳುತ್ತದೋ ಎಂದು.

ಆಮೇಲೆ ಜಯಲತಾಳದು. ಅವಳು ನಮಸ್ಕಾರದ ಮೊದಲು ಒಂದು ಸಾಲು ಹೂವಿನ ಗುರುತು ಹಾಕುತ್ತಾಳೆ, ಕೊನೆಗೆ ಇನ್ನೊಂದು ಸಾಲು. ಫೋನು ಒಂದನ್ನೂ ಬಿಡಲಿಲ್ಲ. ಗುಲಾಬಿ, ಗುಲಾಬಿ, ಗುಲಾಬಿ ಎನ್ನುತ್ತಲೇ ಹೋಯಿತು. ವಿಷಯ ಬರುವ ಹೊತ್ತಿಗೆ ನನ್ನ ಕುಕ್ಕರ್ ಕೂಗಿತು. ಇನ್ನೊಬ್ಬಳು ಹಾಡಿನ ಕೊಂಡಿ ಕಳಿಸಿ ಇಲ್ಲಿ ಒತ್ತಿ ಎಂದಿದ್ದಾಳೆ. ಎಲ್ಲಿ, ಒತ್ತಿದರೆ ಏನು ಬರುತ್ತದೆ ಎಂದು ಹೇಳಿಲ್ಲ. ಮತ್ತೊಂದು ಪತ್ರಕ್ಕೆ ವಿಷಯವೇ ಬರೆದಿಲ್ಲ, ಅದು ಸಾವಿನ ಸುದ್ದಿಯೋ ಉಪ್ಪಿನಕಾಯಿಯ ಸುದ್ದಿಯೋ ಕೊನೆಯ ತನಕ ಕೇಳಿದರೆ ಮಾತ್ರ ಗೊತ್ತಾಗುವುದು. ಇಷ್ಟು ದಿನ ನೀನು ಇದನ್ನೆಲ್ಲ ಹೇಗೆ ಸಹಿಸಿದೆ? ಮಂಡಳಿಗೆ ಶಿಸ್ತು ಬೇಕು. ತರುತ್ತೇನೆ.

ನಿನ್ನ ವಿಷಯ ಯಾರಿಗೂ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

ಜಲಜಾಕ್ಷಿ


ಡೊಂಬಿವಲಿ ಪೂರ್ವ
31 ಆಗಸ್ಟ್ 2025

ವಿಷಯ: ಮಂಡಳಿಯಲ್ಲಿ ಇಮೇಲ್ ಬರೆಯುವ ಕ್ರಮ, ಇಂದಿನಿಂದ ಜಾರಿ

ಎಲ್ಲ ಸದಸ್ಯೆಯರಿಗೆ,

ಇಂದಿನಿಂದ ಮಂಡಳಿಯ ಪತ್ರಗಳನ್ನು ಟೈಪು ಮಾಡಿಯೇ ಕಳಿಸತಕ್ಕದ್ದು. ಕೈಬರಹದ ಫೋಟೋ ನಡೆಯುವುದಿಲ್ಲ, ಅಧ್ಯಕ್ಷೆಯದೂ ನಡೆಯುವುದಿಲ್ಲ. ಪತ್ರ ಯಾವುದರ ಕುರಿತು ಎಂದು ವಿಷಯದ ಸಾಲಿನಲ್ಲೇ ಹೇಳಬೇಕು. ದಿನ, ಸ್ಥಳ, ಸಮಯ ಮೊದಲು ಬರಲಿ, ಉಪಚಾರ ಆಮೇಲೆ. ಚಿತ್ರ ಕಳಿಸಲೇಬೇಕು ಎಂದಾದರೆ ಚಿತ್ರದಲ್ಲಿ ಏನಿದೆ ಎಂದು ಕೆಳಗೆ ಮಾತಿನಲ್ಲಿ ಬರೆಯಬೇಕು. ಕೊಂಡಿ ಕಳಿಸುವವರು ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಸಬೇಕು. ಕೆಂಪು ಅಕ್ಷರ ಹಾಕಿ, ಕೆಂಪಿನಲ್ಲಿರುವುದನ್ನು ಗಮನಿಸಿ ಎಂದರೆ ಸಾಲದು. ಮುಖ್ಯವಾದದ್ದು ಮುಖ್ಯ ಎಂದು ಬಾಯಿಬಿಟ್ಟು ಹೇಳಿ. ಹೂವಿನ ಗುರುತುಗಳನ್ನು ದೇವರಿಗೆ ಮೀಸಲಿಡಿ.

ಇದನ್ನು ಪಾಲಿಸದ ಪತ್ರ ತಲುಪಿಲ್ಲವೆಂದೇ ಎಣಿಸಲಾಗುವುದು. ಕಾರಣ ಕೇಳಬಾರದು.

ಜಲಜಾಕ್ಷಿ
ಅಧ್ಯಕ್ಷೆ


ಠಾಣೆ
8 ಸೆಪ್ಟೆಂಬರ್ 2025

ಅತ್ತಿಗೆ,

ಮೂರೂ ಪತ್ರ ಕೇಳಿದೆ. ಎರಡನೆಯದನ್ನು ಇನ್ನೊಮ್ಮೆ ಕೇಳಿದೆ. ಜಯಲತಾ ತರಕಾರಿ ತೂಗುವ ಜಾಗದಲ್ಲಿ ನಗು ಬಂತು, ಅಷ್ಟಕ್ಕೆ ನಿಮ್ಮನ್ನು ಕ್ಷಮಿಸಿದ್ದೇನೆ ಎಂದಲ್ಲ.

ಮದುವೆ ಹಾಲ್‌ನಲ್ಲಿ ನೀವು ನಕ್ಕದ್ದು ನನಗೆ ಗೊತ್ತಿರಲಿಲ್ಲ. ಯಾರೋ ನಿಂತಿದ್ದಾರೆ ಎಂದು ಪಕ್ಕಕ್ಕೆ ಸರಿದೆ. ನೀವು ಒಂದು ಮಾತಾಡಿದ್ದರೆ ಸಾಕಿತ್ತು. ಹೇಳಿಕೆ ಎಂದು ಅಷ್ಟು ಬರೆದಿದ್ದೀರಿ. ಹೇಳಿಕೆ ಕೊಡುವವರು ಬಾಗಿಲಲ್ಲಿ ನಿಂತು ಸುಮ್ಮನೆ ನಗುವುದಿಲ್ಲವಲ್ಲ ಅತ್ತಿಗೆ, ಒಳಗಿದ್ದವರಿಗೆ ಕೇಳುವ ಹಾಗೆ ಹೇಳುತ್ತಾರೆ.

ಜಯಲತಾ ನಿನ್ನೆ ಮತ್ತೆ ಫೋನು ಮಾಡಿದಳು. ನಿಮ್ಮ ಕೈ ನಡುಗಲು ಶುರುವಾಗಿದೆಯಂತೆ. ಅಕ್ಷರ ಹಾಳಾದದ್ದನ್ನು ಮುಚ್ಚಲು ಎಲ್ಲರಿಗೂ ಟೈಪು ಮಾಡಿ ಎಂದು ಹುಕುಂ ಹೊರಡಿಸಿದ್ದೀರಂತೆ. ಸಭೆಯಲ್ಲಿಯೇ ಮಾತಾಯಿತಂತೆ. ಅದು ನಿಜವೇ?

ನಳಿನಾಕ್ಷಿ


ಡೊಂಬಿವಲಿ
9 ಸೆಪ್ಟೆಂಬರ್ 2025

ನಳಿನಾ,

ನನ್ನ ಕೈ ನಡುಗುವುದಿಲ್ಲ. ಈಗ ಬೇಕಾದರೂ ಸೂಜಿಗೆ ದಾರ ಹಾಕುತ್ತೇನೆ.

ಭಾನುವಾರದ ತಿಂಗಳ ಸಭೆಯಲ್ಲಿ ಆದದ್ದು ಹೀಗೆ. ನಿನ್ನ ಹೆಸರು ತೆಗೆಯುವುದಿಲ್ಲ ಎಂದು ನಾನು ಹೇಳಿದೆ. ಓದಲು ಬಾರದ ರೂಪದಲ್ಲಿ ಹೋದ ಸೂಚನೆ ತಲುಪಿಲ್ಲವೆಂದೇ ಲೆಕ್ಕ, ಸೂಚನೆ ತಲುಪದವರು ತಪ್ಪಿಸಿಕೊಂಡ ಹಾಗಾಗುವುದಿಲ್ಲ. ನಿಯಮ ಮುರಿಯಲಿಲ್ಲ, ಸರಿಯಾಗಿ ಓದಿದೆ ಅಷ್ಟೆ. ಜಯಲತಾ ಎದ್ದು, ನಮಗೆಲ್ಲ ಓದಲು ಬಂತು, ಅವರಿಗೊಬ್ಬರಿಗೆ ಏಕೆ ಬರಲಿಲ್ಲ ಎಂದಳು. ಕಾರಣ ಹೇಳುವುದಿಲ್ಲ ಎಂದೆ. ಹಾಗಾದರೆ ನಾದಿನಿಗೆ ಒಂದು ನಿಯಮ, ನಮಗೊಂದು ನಿಯಮವೇ ಎಂದಳು. ಕೆಲವರು ತಲೆಯಾಡಿಸಿದರು. ಆಗಲೇ ಅವಳು ನನ್ನ ಕೈಯ ಮಾತು ತೆಗೆದದ್ದು. ಪಾಪ ವಯಸ್ಸಾಯಿತು, ಅಕ್ಷರ ಹೋಯಿತು, ಹೇಳಿಕೊಳ್ಳಲು ನಾಚಿಕೆ, ಎಂದಳು. ಎಲ್ಲರೂ ನನ್ನ ಕೈ ನೋಡಿದರು. ಮೇಜಿನ ಮೇಲೆ ಪೆನ್ನು ಇತ್ತು. ತೆಗೆದು ಒಂದು ಸಾಲು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಮೇಲೆ ನಿಜವಾದ ಕಾರಣ ಹುಡುಕುತ್ತಿದ್ದರು.

ಪೆನ್ನು ಮುಟ್ಟಲಿಲ್ಲ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

14ಕ್ಕೆ ಎಲ್ಲರೂ ಕೈ ಎತ್ತಿ ತೀರ್ಮಾನಿಸುತ್ತಾರೆ. ಕಾರಣ ಹೇಳದಿದ್ದರೆ ನಿನ್ನ ಹೆಸರು ಉಳಿಯುವುದಿಲ್ಲ ಎಂದು ನನಗೆ ಕಾಣುತ್ತದೆ. ಹೇಳಬೇಡ ಎಂದಿದ್ದೀಯ. ಹೇಳುವುದಿಲ್ಲ. ಈ ಜಗಳವನ್ನು ನೀನೇ ನನಗೆ ತಂದಿಟ್ಟೆ ಎಂದು ಮಾತ್ರ ನೆನಪಿಟ್ಟುಕೋ.

ಜಲಜಾಕ್ಷಿ


ಠಾಣೆ
11 ಸೆಪ್ಟೆಂಬರ್ 2025

ಅತ್ತಿಗೆ,

ಭಾನುವಾರ ಬರುತ್ತೇನೆ. ದಿಶಾ ಜೊತೆಗೆ ಬರುತ್ತಾಳೆ. ಹೇಳುವುದನ್ನು ನಾನೇ ಹೇಳುತ್ತೇನೆ. ನನ್ನ ಕಣ್ಣಿನ ವಿಷಯ ಮುಚ್ಚಿಡಲು ನಿಮ್ಮ ಅಕ್ಷರ ಹಾಳಾಗುವುದು ಬೇಡ. ಅದು ಹೇಗಿರುತ್ತದೆ ಎಂದು ನನಗೆ ನೆನಪುಂಟು. ಹಾಡು ಬರೆದು ಕೊಡುವಾಗ ಪ್ರತಿ ಚರಣದ ಕೊನೆಗೆ ಒಂದು ಸಣ್ಣ ಗಂಟೆ ಬಿಡಿಸುತ್ತಿದ್ದಿರಿ. ಈಗಲೂ ಆ ಹಾಡು ಹೇಳುವಾಗ ಗಂಟೆಯ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ.

ಒಂದೇ ಕಂಡೀಷನ್. ಶಾಲು ತಂದರೆ ಅಲ್ಲಿಂದಲೇ ಹಿಂದೆ ಹೋಗುತ್ತೇನೆ.

ನಳಿನಾ


ಡೊಂಬಿವಲಿ
16 ಸೆಪ್ಟೆಂಬರ್ 2025

ವಿಷಯ: ಭಾನುವಾರ ನಿನಗೆ ಕಾಣದೆ ಹೋದದ್ದು

ನಳಿನಾ,

ನೀನು ಹೇಳಿದ್ದನ್ನು ಎಲ್ಲರೂ ಕೇಳಿದರು. ಕೇಳುವಾಗ ಯಾರು ಹೇಗಿದ್ದರು ಎಂದು ನಿನಗೆ ಗೊತ್ತಿಲ್ಲ. ಅದನ್ನು ಹೇಳಲು ಬರೆಯುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಕಣ್ಣು ಕಾಣುವುದಿಲ್ಲ ಎಂದು ನೀನು ಹೇಳಿದಾಗ ಕೆಲವರು ಬಾಯಿಗೆ ಸೆರಗು ಹಿಡಿದರು. ಅಯ್ಯೋ ಎನ್ನಲು ಹೊರಟವಳೊಬ್ಬಳನ್ನು ನಾನು ನೋಡಿದೆ, ಅವಳು ಅನ್ನಲಿಲ್ಲ. ಅತ್ತಿಗೆಯ ಕೈ ನಡುಗುವುದಿಲ್ಲ ಎಂದು ನೀನು ಹೇಳಿದಾಗ ಜಯಲತಾ ನೆಲ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಾರ್ಮೋನಿಯಂ ಪಕ್ಕದಿಂದ ತನ್ನ ತಾಳ ತೆಗೆದುಕೊಂಡು ಹಿಂದೆ ಸರಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ನಿನ್ನ ಹೆಸರು ಉಳಿಯಲಿ ಎನ್ನುವವರು ಕೈ ಎತ್ತಿ ಎಂದು ನಾನು ಕೇಳಿದಾಗ ಮೊದಲ ಕೈ ಅವಳದು. ನನಗೆ ಅವಳ ಹಾಡು ಈಗಲೂ ಹಿಡಿಸುವುದಿಲ್ಲ.

ನಿನ್ನನ್ನು ಕೂರಿಸಿದ ಮೇಲೆ ದಿಶಾ ಗೋಡೆಯ ಮೇಲೆ ನಾನು ಬರೆದಿದ್ದ ಹಳೆಯ ಸೂಚನೆಯ ಮುಂದೆ ನಿಂತು ಒಂದೊಂದೇ ಅಕ್ಷರದ ಹೆಸರು ಕೇಳುತ್ತಿದ್ದಳು. ರಮಿತಾ ಹೇಳುತ್ತಿದ್ದಳು. ಕಲಿಯುವುದಿದ್ದರೆ ನನ್ನ ಹತ್ತಿರ ಕಳಿಸು. ನೆಟ್ಟಗೆ ಕೂತು ಬರೆಯುವುದಾದರೆ ಮಾತ್ರ.

ನೀನು ಎರಡನೆಯ ಹಾಡಿನಲ್ಲಿ ಶ್ರುತಿ ಬಿಟ್ಟೆ. ಮನೆಯಲ್ಲಿ ಅಭ್ಯಾಸ ಮಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ನವರಾತ್ರಿಗೆ ಇನ್ನು ಒಂದು ವಾರವೂ ಇಲ್ಲ.

ರಮಿತಾ ತೆಗೆದ ಫೋಟೋ ಒಂದನ್ನು ಜೊತೆಗೆ ಕಳಿಸುತ್ತಿದ್ದೇನೆ. ನಾನೇ ಮಾಡಿದ ನಿಯಮ, ಹಾಗಾಗಿ ಅದರಲ್ಲಿ ಏನಿದೆ ಎಂದು ಕೆಳಗೆ ಬರೆದಿದ್ದೇನೆ. ಇನ್ನು ಫೋನು ಮಾಡಬಹುದು. ಎತ್ತುತ್ತೇನೆ.

ಅತ್ತಿಗೆ

ಚಿತ್ರದಲ್ಲಿರುವುದು: ಕಲ್ಯಾಣದ ಹಾಲ್. ಹಾರ್ಮೋನಿಯಂ ಪಕ್ಕದಲ್ಲಿ ನೀನು ಕೂತಿದ್ದೀಯ. ಹಸಿರು ಸೀರೆ, ಕಂದು ಅಂಚು. ಮಲ್ಲಿಗೆ ಒಂದು ಬದಿಗೆ ಜಾರಿದೆ. ಕಣ್ಣು ಮುಚ್ಚಿದ್ದೀಯ, ಬಾಯಿ ತೆರೆದಿದೆ, ಮೊದಲ ಹಾಡು. ಹಿಂದೆ ಎಲ್ಲರೂ ತಾಳ ಹಿಡಿದು ಕೆಮರಾ ನೋಡುತ್ತಿದ್ದಾರೆ. ಬಲಗಡೆ ಗೋಡೆಗೆ ಒರಗಿ, ಬೂದು ಬಣ್ಣದ ಸೀರೆ ಉಟ್ಟ ಒಬ್ಬಳು ಮುದುಕಿ ನಿಂತಿದ್ದಾಳೆ. ಕೈಯಲ್ಲಿ ಶಾಲು ಇಲ್ಲ. ಅವಳೊಬ್ಬಳು ಕೆಮರಾ ನೋಡುತ್ತಿಲ್ಲ. ನಿನ್ನನ್ನು ನೋಡುತ್ತಿದ್ದಾಳೆ. ನಗುತ್ತಿದ್ದಾಳೆ.